ಬರುವುದಿಲ್ಲ ಎನ್ನುವ ಸುಖ

ನನಗೆ ಹೋಳಿಗೆ ತಟ್ಟಲು ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ದಯವಿಟ್ಟು ಈ ಮಾತನ್ನು ತೀರ್ಥಹಳ್ಳಿಯಲ್ಲಿರುವ ನನ್ನ ನಾದಿನಿಯರ ಕಿವಿಗೆ ಹಾಕಬೇಡಿ. ಮದುವೆಯಾದ ಹೊಸತರಲ್ಲಿ ಉತ್ಸಾಹಕ್ಕೆ ಬಿದ್ದು ಒಮ್ಮೆ ತಟ್ಟಿದ್ದೆ. ಎಲ್ಲರೂ ಬಾಯ್ತುಂಬ ಹೊಗಳಿದರು. ಹೊಗಳಿ, ಸಂಜೆಯವರೆಗೂ ಕಾವಲಿಯ ಮುಂದೆಯೇ ಕೂರಿಸಿದರು. ಮುಂದಿನ ಸಲ ಬೇಕೆಂದೇ ಒಂದೆರಡು ಹರಿದೆ. ಅಂದಿನಿಂದ ನಾನು ಜಗಲಿಯಲ್ಲಿ ಹರಟೆ ಹೊಡೆಯುವವರ ಪೈಕಿ.

ಇದೇ ಉಪಾಯವನ್ನು ಕಾಲೇಜಿಗೂ ಒಯ್ದೆ. ಹೊಸನಗರದ ಕಡೆಯ ಸರ್ಕಾರಿ ಕಾಲೇಜೊಂದರಲ್ಲಿ ನಾನು ಮೇಡಂ. ಕಂಪ್ಯೂಟರ್ ಬರುತ್ತದೆಂದು ಬಾಯಿಬಿಟ್ಟವರ ತಲೆಗೆ ಅಲ್ಲಿ ಸ್ಕಾಲರ್‌ಶಿಪ್ಪು, ಸಂಬಳದ ಬಿಲ್ಲು ಎಲ್ಲ ಕಟ್ಟುತ್ತಾರೆ. ನಾನೋ, ಮೌಸ್ ಕಂಡರೆ ಹೆದರುವ ಹೆಂಗಸು ಎಂದು ಹೆಸರು ಮಾಡಿಕೊಂಡು ಹಾಯಾಗಿದ್ದೆ.

ಈ ವರ್ಷ ಸರ್ಕಾರದ ಖರ್ಚಿನಲ್ಲಿ ಬ್ರಿಡ್ಜ್ ಕೋರ್ಸ್ ಬಂತು. ಪಿಯುಸಿ ಹೇಗೋ ದಾಟಿ ಬಿಕಾಂ ಸೇರಿದ, ಶೇಕಡಾ ಲೆಕ್ಕ ಕಂಡರೆ ಬೆವರುವ ಮಕ್ಕಳಿಗೆ ನಾನು ಪಾಠ ಹೇಳಬೇಕು. ಟೆಸ್ಟ್ ಪಾಸಾದವರು ಅದೇ ಹೊತ್ತಿಗೆ ನಡೆಯುವ ಅಕೌಂಟ್ಸ್ ಕ್ಲಾಸಿಗೆ ವಾಪಸ್. ನನ್ನ ಕೈಬರಹ ಮಕ್ಕಳಿಗೆ ತಿಳಿಯದೆಂದು, ಉಳಿದ ಮೇಷ್ಟ್ರುಗಳು ಊಟಕ್ಕೆ ಹೋದಾಗ ಪ್ರಶ್ನೆಪತ್ರಿಕೆಯನ್ನು ಕದ್ದುಮುಚ್ಚಿ ನಾನೇ ಟೈಪ್ ಮಾಡುತ್ತಿದ್ದೆ.

ಒಬ್ಬೊಬ್ಬರೇ ಪಾಸಾಗಿ ಹೋದರು. ಹುಂಚದಿಂದ ಬಸ್ಸಿನಲ್ಲಿ ಬರುವ ರೇಣುಕಾ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಇನ್ನೂ ಇಲ್ಲೇ ಕೂತರೆ ಅಕೌಂಟ್ಸ್‌ನಲ್ಲಿ ಹಾಜರಿ ಸಾಲದೆ ಪರೀಕ್ಷೆಗೇ ಕೂರಿಸುವುದಿಲ್ಲ, ವರ್ಷ ಹೋಗುತ್ತದೆ. ಕೊನೆಯ ಟೆಸ್ಟಿನ ದಿನ ಅವಳ ಉತ್ತರಗಳನ್ನು ನೋಡುತ್ತ ಕೂತೆ. ಪ್ರತಿಯೊಂದೂ ಸರಿಯುತ್ತರಕ್ಕಿಂತ ಸರಿಯಾಗಿ ಒಂದು ಹೆಚ್ಚು! ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲು ಲೆಕ್ಕ ಚೆನ್ನಾಗಿ ಬರಬೇಕು. ಹರಿದ ಹೋಳಿಗೆಯನ್ನು ನಾನು ಗುರುತಿಸಲಾರೆನೇ?

ಕರೆದು ಕೇಳಿದೆ. ತಲೆ ತಗ್ಗಿಸಿದಳು.

"ಅಲ್ಲಿ ಏನಾದ್ರೂ ಕೇಳಿದ್ರೆ ಹಿಂದಿನ ಬೆಂಚಿನವ್ರು ನಗ್ತಾರೆ ಮೇಡಂ. ಇಲ್ಲಿ ಯಾರೂ ನಗಲ್ಲ."

ನಾನು ಮೇಡಂ ಅಲ್ಲವೇ, ಗಂಟಲು ಸರಿಮಾಡಿಕೊಂಡು, ಬರುವುದನ್ನು ಬರುವುದಿಲ್ಲ ಎಂದು ಎಷ್ಟು ದಿನ ಬಚ್ಚಿಡುತ್ತೀಯಾ, ನಗುವವರು ನಕ್ಕು ಸುಮ್ಮನಾಗುತ್ತಾರೆ, ಹೋಗುವುದು ನಿನ್ನ ವರ್ಷ ಎಂದೆಲ್ಲ ಬುದ್ಧಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಹೊಸ ಹಾಳೆಯಲ್ಲಿ ಉತ್ತರ ಬರೆದಳು. ಒಂದೂ ತಪ್ಪಿಲ್ಲ.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಾಗಿಲಿಗೆ ಬಂದರು. ಪಾಸಾದವರ ಹೆಸರು ಇವತ್ತೇ ಅಪ್‌ಲೋಡ್ ಆಗಬೇಕಂತೆ, ಗುಮಾಸ್ತರು ರಜೆಯಂತೆ. ನಿಮಗಂತೂ ಬರುವುದಿಲ್ಲ, ಬೇರೆ ಯಾರನ್ನು ಹಿಡಿಯಲಿ ಎಂದು ನನ್ನನ್ನೇ ಕೇಳಿದರು. ಅಭ್ಯಾಸಬಲದಿಂದ ಹೌದು ಸಾರ್ ಎನ್ನಲು ಬಾಯಿ ತೆರೆದೆ. ರೇಣುಕಾ ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಊಟದ ಹೊತ್ತಲ್ಲಿ ಇದನ್ನ ಟೈಪ್ ಮಾಡ್ತಾ ಇದ್ದಿದ್ದು ನೀವೇ ಅಲ್ವಾ ಮೇಡಂ?" ಎಂದು ಮೆಲ್ಲಗೆ ಕೇಳಿದಳು.

ಮೊದಲು ಟೈಪ್ ಮಾಡಿದ್ದು ಅವಳ ಹೆಸರನ್ನೇ. ಈಗ ಅವಳು ಅಕೌಂಟ್ಸ್ ಕ್ಲಾಸಿನಲ್ಲಿ ಕೈಯೆತ್ತಿ ಪ್ರಶ್ನೆ ಕೇಳುತ್ತಾಳಂತೆ, ನಾನು ಇಡೀ ಕಾಲೇಜಿನ ಸ್ಕಾಲರ್‌ಶಿಪ್ ಅಪ್‌ಲೋಡ್ ಮಾಡುತ್ತಿದ್ದೇನೆ. ಬರುವ ಭಾನುವಾರ ತೀರ್ಥಹಳ್ಳಿಯಲ್ಲಿ ನಾದಿನಿಯ ಮಗನ ಉಪನಯನ, ಹೋಳಿಗೆ ಊಟ. ಪುಣ್ಯಕ್ಕೆ, ರೇಣುಕಾಳನ್ನು ಕರೆದಿಲ್ಲ.