ಹದಿನಾಲ್ಕು ಅಡಿ ಆಚೆಯ ಹಕ್ಕಿ

ಲೆಮಿಂಗ್ಟನ್ ಊರಿನಲ್ಲಿ ಟೊಮ್ಯಾಟೊ ಎಷ್ಟು ಪ್ರಸಿದ್ಧವೋ ಲಾರ್ನ್ ಪೆಟಿಗ್ರೂನ ಪ್ರಶ್ನೆಯೂ ಅಷ್ಟೇ ಪ್ರಸಿದ್ಧ. ಯಾರು ಯಾವ ಫೋಟೋ ತೋರಿಸಿದರೂ ಅವನು ಕಣ್ಣು ಕಿರಿದು ಮಾಡಿ, ಗಲ್ಲ ತುರಿಸಿಕೊಂಡು, "ಯಾವ ಲೆನ್ಸು?" ಎನ್ನುತ್ತಿದ್ದ. ಅಷ್ಟೇ. ಈ ಎರಡು ಪದಗಳ ಸುತ್ತ ಊರಿನವರು ಒಂದು ಪುರಾಣವನ್ನೇ ಕಟ್ಟಿದ್ದರು. ಬಸುರಿ ಮಗಳು ಹೊಟ್ಟೆಯ ಕೂಸಿನ ಸ್ಕ್ಯಾನಿಂಗ್ ಚಿತ್ರ ತಂದು ತೋರಿಸಿದಾಗಲೂ ಅವನು ಅದನ್ನೇ ಕೇಳಿದನಂತೆ. ಪಾದ್ರಿ ತೀರಿಕೊಂಡಾಗ ಶವಪೆಟ್ಟಿಗೆಯ ಪಕ್ಕದ ಭಾವಚಿತ್ರದ ಮುಂದೆ ಎರಡು ನಿಮಿಷ ತಲೆಬಾಗಿ ನಿಂತು, ಆಮೇಲೆ ಅಳುತ್ತಿದ್ದ ವಿಧವೆಯ ಕಿವಿಯಲ್ಲಿ ಸಂತಾಪದ ದನಿಯಲ್ಲೇ ಅದನ್ನು ಕೇಳಿದನಂತೆ. ಟೊರಾಂಟೊದಲ್ಲಿ ಕಾರು ಜೋರಾಗಿ ಓಡಿಸಿ ರಸ್ತೆಯ ಕ್ಯಾಮೆರಾಕ್ಕೆ ಸಿಕ್ಕಿಬಿದ್ದಾಗ, ದಂಡದ ಜೊತೆಗೆ ಒಂದು ಪತ್ರವನ್ನೂ ಕಳಿಸಿದನಂತೆ: ನಂಬರ್ ಪ್ಲೇಟು ಇಷ್ಟು ಸ್ಫುಟವಾಗಿ ಬಂದಿದೆಯಲ್ಲ, ಯಾವ ಲೆನ್ಸು? (ಇದು ಮಾತ್ರ ನಿಜ. ಉತ್ತರ ಬರಲಿಲ್ಲ.)

ಈ ಪ್ರಶ್ನೆಯ ಹಿಂದೆ ಒಂದು ಧರ್ಮಶ್ರದ್ಧೆಯಿತ್ತು. ತನಗೂ ಒಳ್ಳೆಯ ಹಕ್ಕಿ ಚಿತ್ರಕ್ಕೂ ನಡುವೆ ಇರುವ ಅಡ್ಡಿ ಲೆನ್ಸು ಒಂದೇ ಎಂದು ಲಾರ್ನ್ ನಂಬಿದ್ದ. ಚಿತ್ರ ಮಸುಕಾದರೆ ಲೆನ್ಸು ಸರಿಯಿಲ್ಲ. ಹಕ್ಕಿ ಹಾರಿಹೋದರೆ ಲೆನ್ಸು ಗಿಡ್ಡ. ಮುಚ್ಚಳ ತೆಗೆಯದೆ ಗುಂಡಿ ಒತ್ತಿದ ದಿನ ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, "ಮುಚ್ಚಳ ಅತಿಯಾಗಿ ಬಿಗಿ" ಎಂದಿದ್ದ. ಟೊಮ್ಯಾಟೊ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತನಾದ ಮೇಲೆ ಅವನ ತಲೆಗೂದಲು ವರ್ಷವರ್ಷಕ್ಕೂ ಕಡಿಮೆಯಾದಂತೆ ಲೆನ್ಸು ಮಾತ್ರ ಉದ್ದವಾಗುತ್ತ ಹೋಯಿತು. ಮುನ್ನೂರು ಮಿಲಿಮೀಟರಿನದು ನಾನೂರಾಯಿತು, ನಾನೂರು ಐನೂರಾಯಿತು. ಏಪ್ರಿಲ್ ನಡುವಿನ ಒಂದು ಸಂಜೆ ಅವನು ವಿಂಡ್ಸರಿನ ಅಂಗಡಿಯಿಂದ ಆರುನೂರು ಮಿಲಿಮೀಟರಿನ ಮಹಾಲೆನ್ಸನ್ನು ಪೆಟ್ಟಿಗೆ ಸಮೇತ ಎರಡೂ ಕೈಯಲ್ಲಿ ಅಪ್ಪಿಕೊಂಡು, ಗೆದ್ದು ತಂದ ಗದೆಯ ಹಾಗೆ ಅಡುಗೆಮನೆಗೆ ಹೊತ್ತು ತಂದ.

ಅಲ್ಲಿ ಅವನ ಹೆಂಡತಿ ವೆರ್ನಾ ಬೆಣ್ಣೆ ಟಾರ್ಟ್ ಎಂಬ ಸಿಹಿತಿನಿಸು ಬೇಯಿಸುತ್ತಿದ್ದಳು. ಶಾಲೆಯ ಬಸ್ಸು ಓಡಿಸುವವಳು ಅವಳು. ನಲವತ್ತು ಮಕ್ಕಳನ್ನು ಕನ್ನಡಿಯಲ್ಲೇ ನೋಡಿ ಸುಮ್ಮನಾಗಿಸುವವಳು. ಅವಳ ಓವನ್ ಒಲೆಯ ಬಾಗಿಲಿನ ಕೀಲು ಮುರಿದು ಎರಡು ವರ್ಷವಾಗಿತ್ತು. ಬಾಗಿಲು ಬಿದ್ದುಹೋಗದಂತೆ ಲಾರ್ನನ ಹಳೆಯ ಕ್ಯಾಮೆರಾ ಮುಕ್ಕಾಲಿಯನ್ನು ಅದಕ್ಕೆ ಆನಿಸಿ ನಿಲ್ಲಿಸಿದ್ದರು. ಹೊಸ ಒಲೆಗೆಂದು ತೆಗೆದಿಟ್ಟ ಹಣ ಬ್ಯಾಂಕಿನಲ್ಲಿತ್ತು. ಅಂದರೆ, ಅಂದು ಬೆಳಿಗ್ಗೆಯವರೆಗೆ ಇತ್ತು.

"ಒಲೆ ಇಷ್ಟು ಸಣ್ಣ ಪೆಟ್ಟಿಗೇಲಿ ಬಂತಾ?" ಎಂದಳು ವೆರ್ನಾ, ತಿರುಗದೆ, ಓರೆಗಣ್ಣಲ್ಲೇ ನೋಡಿ.

"ಒಲೆಗೇನು ಅವಸರ? ಅದೇನು ಹಾರಿಹೋಗತ್ತಾ? ಅದಕ್ಕೇನು ರೆಕ್ಕೆ ಇದೆಯಾ?"

"ಬಾಗಿಲೂ ಇಲ್ಲ."

ಲಾರ್ನ್ ದನಿ ತಗ್ಗಿಸಿದ. "ವೆರ್ನಾ, ಸ್ವಲ್ಪ ಕೇಳು. ಈ ಮೇ ತಿಂಗಳಲ್ಲಿ ನಾನು ಪ್ರೊಥೊನೊಟರಿ ಹಿಡೀತೀನಿ. ನಮ್ಮ ಹಕ್ಕಿ ಫೋಟೋ ಕ್ಲಬ್ಬಿನ ಕ್ಯಾಲೆಂಡರಿನ ಮುಖಪುಟ ಈ ಸಲ ನನ್ನದೇ."

ಪ್ರೊಥೊನೊಟರಿ ಎಂಬುದು ಹೆಸರಿಗಿಂತ ಗಿಡ್ಡವಾದ ಒಂದು ಉಲಿಯಕ್ಕಿ. ಮೈಯೆಲ್ಲ ಬಂಗಾರ, ತೂಕವೂ ಬಂಗಾರದಂತೆ ತೊಲದ ಲೆಕ್ಕದಲ್ಲೇ, ಒಂದೂಕಾಲು ತೊಲ. ಈರಿ ಸರೋವರವನ್ನು ರಾತ್ರಿಯಿಡೀ ಹಾರಿ ದಾಟಿ ಬರುವ ಹಕ್ಕಿಗಳ ದಂಡಿನಲ್ಲಿ ವರ್ಷಕ್ಕೆ ಒಂದೋ ಎರಡೋ ಊರ ಪಕ್ಕದ ಪಾಯಿಂಟ್ ಪೀಲಿ ಭೂಶಿರದ ತುದಿಯಲ್ಲಿ ಇಳಿದರೆ ಅದೇ ಪುಣ್ಯ. ಹನ್ನೊಂದು ವರ್ಷದಿಂದ ಲಾರ್ನ್ ಅದರ ಬೆನ್ನು ಹತ್ತಿದ್ದ. ಹನ್ನೊಂದು ವರ್ಷದಿಂದ ಮುಖಪುಟ ಮಾತ್ರ ಎಮಿಲ್ ರೋಂಡೋ ಎಂಬ ಗೆಳೆಯನ ಪಾಲಾಗುತ್ತಿತ್ತು. (ಗೆಳೆಯ ಎನ್ನುವುದು ರೂಢಿಯ ಮಾತು.)

ವೆರ್ನಾ ಕೈ ಒರೆಸಿಕೊಂಡು ರಸೀದಿಯನ್ನು ತೆಗೆದು ಓದಿದಳು. ಮೂವತ್ತು ದಿನದೊಳಗೆ, ಪೆಟ್ಟಿಗೆ ಸಮೇತ, ಹಿಂದಿರುಗಿಸಬಹುದು ಎಂದಿತ್ತು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಅಂಟಿಸಿದಳು. ಪೆಟ್ಟಿಗೆಯನ್ನು ಬಟ್ಟೆಯಿಂದ ಒರೆಸಿ ತನ್ನ ಮಂಚದ ಕೆಳಗೆ ಇಟ್ಟಳು.

"ಮೂವತ್ತು ದಿನ. ಅಷ್ಟರಲ್ಲಿ ಇದರಿಂದ ನಿನ್ನ ಹಳದಿ ಹಕ್ಕಿಯ ಚಿತ್ರ ಬಂದರೆ ಲೆನ್ಸು ನಿಂದು. ನಾನು ಜೀವಮಾನವಿಡೀ ಮುಕ್ಕಾಲಿ ಒಲೇಲೇ ಬೇಯಿಸ್ತೀನಿ. ಬರದಿದ್ದರೆ ಲೆನ್ಸು ವಾಪಸು."

"ಒಪ್ಪಿದೆ! ಈ ಲೆನ್ಸಿಗೆ ಅರ್ಧ ಮೈಲಿ ಆಚೆಯ ಹಕ್ಕಿಯ ಹುಬ್ಬು ಕಾಣತ್ತೆ. ಅಂಗಡಿಯ ಹುಡುಗಿ ಏನೋ ಅಂದಳು, ಹದಿನಾಲ್ಕು ಅಡಿಗಿಂತ ಹತ್ತಿರ ಇರೋದು ಇದಕ್ಕೆ ಕಾಣಲ್ವಂತೆ. ನಕ್ಕುಬಿಟ್ಟೆ. ಹದಿನಾಲ್ಕು ಅಡಿಗೆ ಬರೋ ಹಕ್ಕಿಗೆ ಲೆನ್ಸ್ ಯಾಕಮ್ಮಾ ಅಂದೆ."

"ಹಕ್ಕಿಗೆ ಹುಬ್ಬು ಇರತ್ತಾ?" ಎಂದಳು ವೆರ್ನಾ.

ಮೊದಲ ವಾರ ಲೆನ್ಸು ಹೊತ್ತು ಲಾರ್ನನ ಸೊಂಟ ಹಿಡಿದುಕೊಂಡಿತು. ಎರಡನೆಯ ವಾರ ಆ ಲೆನ್ಸಿನ ಭಾರ ಹೊರಲು ಹೊಸ ಮುಕ್ಕಾಲಿ ಬಂತು. ಮುಕ್ಕಾಲಿಯ ಮೇಲೆ ಲೆನ್ಸು ತೂಗಾಡಲು ಒಂದು ತೊಟ್ಟಿಲು ಬಂತು. ಹಕ್ಕಿಗೆ ಗೊತ್ತಾಗದಂತೆ ಲೆನ್ಸಿಗೆ ಎಲೆಚಿತ್ತಾರದ ಅಂಗಿ, ಅದೇ ಬಟ್ಟೆಯಲ್ಲಿ ಅವನಿಗೂ ಅಂಗಿ, ಟೋಪಿ, ಪ್ಯಾಂಟು ಬಂದವು. ಎಲ್ಲವನ್ನೂ ತೊಟ್ಟು ಅವನು ಅಡುಗೆಮನೆಯ ಬಿಳಿ ಗೋಡೆಯ ಮುಂದೆ ನಿಂತ.

"ಕಾಣ್ತಾ ಇದೀನಾ?"

"ದುರದೃಷ್ಟ. ಕಾಣ್ತಾ ಇದೀಯ."

ಮೂರನೆಯ ವಾರವಿಡೀ ಮಳೆ. ನಾಲ್ಕನೆಯ ವಾರ ಅವನು ಒಂದು ಗಿಡುಗವನ್ನು ಬೆನ್ನಟ್ಟಿ, ಗಿಡುಗ ಈಗಷ್ಟೇ ಬಿಟ್ಟುಹೋದ ಆಕಾಶವನ್ನು ಅತ್ಯಂತ ಸ್ಫುಟವಾಗಿ ಸೆರೆಹಿಡಿದ. ಮಂಚದ ಕೆಳಗಿನ ಪೆಟ್ಟಿಗೆಯನ್ನು ವೆರ್ನಾ ಎರಡು ದಿನಕ್ಕೊಮ್ಮೆ ಒರೆಸುತ್ತಿದ್ದಳು.

ಇಪ್ಪತ್ತೊಂಬತ್ತನೆಯ ದಿನ ಶನಿವಾರ. ಹಿಂದಿನ ರಾತ್ರಿ ಗಾಳಿ ತಿರುಗಿ ಮಳೆ ಹೊಯ್ದಿತ್ತು. ಇಂಥ ರಾತ್ರಿಯ ಮರುದಿನ ಸರೋವರ ದಾಟಿದ ಹಕ್ಕಿಗಳು ಬಳಲಿ ಬೆಂಡಾಗಿ ಪೀಲಿಯ ತುದಿಯಲ್ಲಿ ಹಣ್ಣು ಉದುರಿದಂತೆ ಉದುರುತ್ತವೆ. ಬೆಳಗಾಗುವಷ್ಟರಲ್ಲಿ ಮರದ ಹಲಗೆಯ ಕಾಲುದಾರಿಯ ಮೇಲೆ ಕ್ಲಬ್ಬಿನ ನಲವತ್ತು ಮಂದಿ ಸಾಲುಗಟ್ಟಿ, ಫಿರಂಗಿ ಹೂಡಿದ ಪಡೆಯಂತೆ ನಿಂತಿದ್ದರು. ವೆರ್ನಾ ಸಾಕ್ಷಿಯಾಗಿ ಬಂದಿದ್ದಳು, ಒಂದು ಡಬ್ಬ ಟಾರ್ಟಿನೊಂದಿಗೆ.

"ಏನಯ್ಯಾ ಲಾರ್ನ್," ಎಂದ ಎಮಿಲ್, ಟಾರ್ಟಿಗೆ ಕೈ ಹಾಕುತ್ತ, "ಇದರಲ್ಲಿ ಸರೋವರದ ಆಚೆ ದಡದ ಅಮೆರಿಕ ಕಾಣತ್ತಾ?"

"ಅಮೆರಿಕದ ಹುಬ್ಬೂ ಕಾಣತ್ತೆ," ಎಂದಳು ವೆರ್ನಾ.

ಅಷ್ಟರಲ್ಲಿ ನೀರಿನ ಅಂಚಿನ ಪೊದೆಯಲ್ಲಿ ಒಂದು ದೀಪ ಹೊತ್ತಿಕೊಂಡಂತಾಯಿತು. ಬಂಗಾರದ ಹಕ್ಕಿ! ನಲವತ್ತು ಲೆನ್ಸುಗಳು ಒಟ್ಟಿಗೇ ಆ ಕಡೆ ತಿರುಗಿದವು. ಲಾರ್ನ್ ಕಣ್ಣಿಟ್ಟು ನೋಡಿದ. ನಲವತ್ತು ಅಡಿ ದೂರ. ಹನ್ನೊಂದು ವರ್ಷ ಕಾದದ್ದು ಸಾರ್ಥಕ. ಗುಂಡಿಯ ಮೇಲೆ ಬೆರಳಿಟ್ಟ. ಆದರೆ ನಡುವೆ ಒಂದು ಕಡ್ಡಿ.

"ಇನ್ನೊಂಚೂರು ಹತ್ತಿರ ಬಾ, ಚಿನ್ನಾ," ಎಂದು ಪಿಸುಗುಟ್ಟಿದ.

ಅವನ ಮಾತನ್ನು ಯಾವ ಹಕ್ಕಿಯೂ ಕೇಳಿದ್ದಿಲ್ಲ. ಇದು ಕೇಳಿತು. ಕಾಲುದಾರಿಯ ಹಲಗೆಗಳ ಮೇಲೆ ಗುಂಗಾಡು ಹುಳುಗಳು ಹಾಸಿಕೊಂಡಿದ್ದವು. ರಾತ್ರಿಯಿಡೀ ಉಪವಾಸವಿದ್ದ ಹಕ್ಕಿ ಒಂದೊಂದನ್ನೇ ಹೆಕ್ಕುತ್ತ ನೇರ ಲಾರ್ನನ ಕಡೆಗೇ ಕುಪ್ಪಳಿಸಿತು. ಇಪ್ಪತ್ತು ಅಡಿ. ಹದಿನೈದು. ಹತ್ತು. ಲೆನ್ಸಿನೊಳಗೆ ಹಕ್ಕಿ ಕರಗಿ ಅರಿಶಿನದ ಹೊಗೆಯಾಯಿತು.

"ಹಿಂದೆ ಹೋಗಿ! ಎಲ್ಲರೂ ಹಿಂದೆ ಹೋಗಿ!" ಎಂದ ಲಾರ್ನ್, ಪಿಸುದನಿಯಲ್ಲೇ ಕಿರುಚಿ.

ಹಿಂದೆ ಎಮಿಲ್, ಅವನ ಹಿಂದೆ ಮೂವತ್ತೆಂಟು ಮಂದಿ, ಎಲ್ಲರದೂ ಅಂಥದೇ ಉದ್ದದ ಲೆನ್ಸು, ಹತ್ತಿರದವರಿಗೆ ಅದೇ ಅರಿಶಿನದ ಹೊಗೆ, ಹಿಂದಿನವರಿಗೆ ಮುಂದಿನವರ ಬೆನ್ನು. ಎತ್ತಿದ ಮುಕ್ಕಾಲಿಗಳು ಒಂದಕ್ಕೊಂದು ಸಿಕ್ಕಿಕೊಂಡು, "ಕ್ಷಮಿಸಿ," "ಕ್ಷಮಿಸಿ" ಎನ್ನುತ್ತ ಇಡೀ ಪಡೆ ಹಿಮ್ಮೆಟ್ಟಿತು. ಒಂದೂಕಾಲು ತೊಲದ ವೈರಿ ಒಂದೊಂದೇ ಹಲಗೆ ಗೆಲ್ಲುತ್ತ ಮುಂದೆ ಬಂತು. ಅವರು ಒಂದು ಹೆಜ್ಜೆ ಸರಿದರೆ ಅದು ಎರಡು ಸಲ ಕುಪ್ಪಳಿಸುತ್ತಿತ್ತು. ಕೊನೆಗೆ ಹಿಂದಿನವರು ಕಾಲುದಾರಿಯ ತಿರುವಿನಲ್ಲಿ ಕಂಬಿಗೆ ಒತ್ತಿಕೊಂಡು ನಿಂತರು. ಇನ್ನು ಜಾಗವಿರಲಿಲ್ಲ.

ಲಾರ್ನ್ ಮತ್ತೆ ಕಣ್ಣಿಟ್ಟ. ಈಗ ಅರಿಶಿನವೂ ಇಲ್ಲ. ಬರೀ ಮಸುಕು.

"ಹಾರಿಹೋಯ್ತು! ವೆರ್ನಾ, ಎಲ್ಲಿ ಹೋಯ್ತು? ಕಾಣ್ತಾ ಇದೆಯಾ?"

"ಕಾಣ್ತಾ ಇದೆ. ಅಲ್ಲಾಡಬೇಡ."

"ಎಲ್ಲಿ? ದಿಕ್ಕು ಹೇಳು ಮಾರಾಯ್ತಿ!"

"ನಿನ್ನ ಲೆನ್ಸಿನ ಬಾಯಿ ಮೇಲೆ ಕೂತಿದೆ. ಬಾಲ ಒಳಗೆ ಇಳಿಬಿಟ್ಟಿದೆ."

ಆ ಎಲೆಚಿತ್ತಾರದ ಅಂಗಿಯನ್ನು ಜಗತ್ತಿನಲ್ಲಿ ಒಂದಾದರೂ ಜೀವ ನಂಬಿತ್ತು. ವೆರ್ನಾ ಅರ್ಧ ತಿಂದ ಟಾರ್ಟನ್ನು ಹಲ್ಲಲ್ಲಿ ಕಚ್ಚಿಕೊಂಡು, ಜೇಬಿನಿಂದ ಬಿರುಕುಬಿಟ್ಟ ಫೋನು ತೆಗೆದು, ಒಂದೇ ಒಂದು ಸಲ ಒತ್ತಿದಳು. ಹಕ್ಕಿ ಲೆನ್ಸಿನ ಮೇಲೆ ತನ್ನದೊಂದು ಗುರುತು ಬಿಟ್ಟು ಹಾರಿಹೋಯಿತು.

ನಲವತ್ತು ತಲೆಗಳು ಆ ಫೋನಿನ ಮೇಲೆ ಬಾಗಿದವು. ಬಂಗಾರದ ಹಕ್ಕಿ, ಅದರ ಕೆಳಗೆ ಭಾರಿ ಲೆನ್ಸು, ಲೆನ್ಸಿನ ಹಿಂದೆ ಒಂದು ಕಣ್ಣು ಮುಚ್ಚಿ ಶೂನ್ಯವನ್ನು ದಿಟ್ಟಿಸುತ್ತಿರುವ ಲಾರ್ನ್. ಕ್ಲಬ್ಬಿನ ಅಧ್ಯಕ್ಷರು ಅಲ್ಲೇ ಮುಖಪುಟ ಘೋಷಿಸಿಬಿಟ್ಟರು. ಲಾರ್ನ್ ಚಿತ್ರವನ್ನು ಬಹಳ ಹೊತ್ತು ನೋಡಿದ. ಕಣ್ಣು ಕಿರಿದಾಯಿತು. ಕೈ ಗಲ್ಲಕ್ಕೆ ಹೋಯಿತು.

"ಯಾವ ಲೆ..." ಎಂದವನು ಅಲ್ಲಿಗೇ ಬಾಯಿ ಮುಚ್ಚಿಕೊಂಡ.

ಕಾರಿನಲ್ಲಿ ಅವನು ವಾದ ಹೂಡಿದ. "ನ್ಯಾಯವಾಗಿ ನೋಡಿದರೆ, ಲೆನ್ಸು ಇಲ್ಲದಿದ್ದರೆ ಆ ಚಿತ್ರವೇ ಇಲ್ಲ."

"ಹೌದಪ್ಪಾ. ಒಳ್ಳೇ ಕೊಂಬೆ," ಎಂದಳು ವೆರ್ನಾ. "ಕೊಂಬೆಗೆ ಇಷ್ಟು ದುಡ್ಡು ಕೊಡೋರುಂಟಾ?"

ಭಾನುವಾರ ಚರ್ಚು ಮುಗಿಸಿಕೊಂಡು ಇಬ್ಬರೂ ವಿಂಡ್ಸರಿಗೆ ಹೋದರು. ಪೆಟ್ಟಿಗೆ ಹೊಸದರಂತೆ ಹೊಳೆಯುತ್ತಿತ್ತು. ಹಕ್ಕಿ ಬಿಟ್ಟ ಗುರುತನ್ನು ವೆರ್ನಾ ಒಲೆ ಉಜ್ಜುವ ಶ್ರದ್ಧೆಯಿಂದ ತಿಕ್ಕಿ ತೆಗೆದಿದ್ದಳು. ಅದೇ ಹುಡುಗಿ ಅಂಗಡಿಯ ಕೌಂಟರಿನ ಆಚೆ ನಿಂತಿದ್ದಳು. ಲೆನ್ಸನ್ನು ತಿರುಗಿಸಿ ನೋಡಿದಳು, ಗಣಕದ ಮುಂದೆ ಕೂತಳು.

"ಕಾರಣ ಬರೀಬೇಕು ಸರ್. ಗಾಜಲ್ಲಿ ಏನಾದರೂ ದೋಷ?"

"ಇಲ್ಲ."

"ಭಾರ ಆಯ್ತಾ?"

"ಇಲ್ಲ."

"ದೂರದ್ದು ಸರಿಯಾಗಿ ಕಾಣಲ್ವಾ?"

"ಚೆನ್ನಾಗಿ ಕಾಣತ್ತೆ."

"ಮತ್ತೆ ಏನಂತ ಬರೀಲಿ ಸರ್?"

ಲಾರ್ನ್ ಒಮ್ಮೆ ಲೆನ್ಸನ್ನು ನೋಡಿದ, ಒಮ್ಮೆ ವೆರ್ನಾಳನ್ನು ನೋಡಿದ.

"ಹಕ್ಕಿ ಹತ್ತಿರ ಬಂತು," ಎಂದ.