ಜೋಳದ ಚೀಲದ ಗೋಡೆ

ಮೀಸೆ ಬಂದ ಮೇಲೆ ಶಾಲೆಗೆ ಹೋದವನಿಗೆ ಒಂದು ಕಾಯಿಲೆ ಇರುತ್ತದೆ: ಓದಿದ್ದನ್ನೆಲ್ಲ ಅಂದೇ ಮಾಡಿ ನೋಡಬೇಕು. ನನಗಂತೂ ಅದು ಜೋರಾಗಿಯೇ ಇತ್ತು. ಮದುವೆಯಾದ ಹೊಸತರಲ್ಲಿ ವಾರಪತ್ರಿಕೆಯೊಂದರಲ್ಲಿ ಓದಿದೆ: ದೊಡ್ಡ ಪಡಸಾಲೆಯಿದ್ದರೆ ಗೋಡೆ ಕಟ್ಟಬೇಕಿಲ್ಲ, ಇದ್ದ ಸಾಮಾನನ್ನೇ ಅಡ್ಡ ಇಟ್ಟು ಕೂಡುವ ಜಾಗ, ಉಣ್ಣುವ ಜಾಗ, ಮಲಗುವ ಜಾಗ ಎಂದು ಬೇರೆ ಮಾಡಬಹುದು. ಪತ್ರಿಕೆ ಹಿಡಿದುಕೊಂಡು ಕುಣಿಯುವುದೊಂದು ಬಾಕಿ! ಅಫಜಲಪುರದ ನಮ್ಮ ಮನೆಯೆಂದರೆ ಒಂದೇ ಉದ್ದನೆಯ ಪಡಸಾಲೆ. ಅಪ್ಪ ಕೆಮ್ಮಿದರೂ ಅವ್ವ ಒಲೆ ಊದಿದರೂ ಎಲ್ಲರಿಗೂ ಕೇಳಬೇಕು, ಕಾಣಬೇಕು. ಇನ್ನೇನು ಹೆಂಡತಿ ಶಾಂತಾ ಜೇವರ್ಗಿಯ ತವರಿನಿಂದ ಬರುವವಳಿದ್ದಳು. ಅವಳೊಡನೆ ಎರಡು ಮಾತಾಡಲು ಒಂದು ಮೂಲೆಯಾದರೂ ಬೇಡವೇ?

ಆದರೆ ಪತ್ರಿಕೆಯಲ್ಲಿದ್ದ ಕಪಾಟು, ಸೋಫಾ ನಮ್ಮಲ್ಲಿ ಎಲ್ಲಿ? ಇದ್ದದ್ದು ಆಗಷ್ಟೇ ರಾಶಿ ಮುಗಿದು ಹೊಲದಿಂದ ಬಂದ, ವರ್ಷದ ಊಟದ ಜೋಳ. ಚೀಲದ ಮೇಲೆ ಚೀಲ ಒಟ್ಟಿದೆ. ತಲೆಗಿಂತ ಎತ್ತರದ ಗೋಡೆ ಎದ್ದಿತು! ಶಾಂತಾ ಬಂದವಳೇ ಮುಟ್ಟಿ ನೋಡಿ ನಕ್ಕಳು. “ಏನ್ರೀ ಇದು, ನಿಮ್ಮೂರಾಗ ಗ್ವಾಡಿಗಿ ಹೊಲಿಗಿ ಹಾಕ್ತಾರೇನ್ರಿ?”

ಮೊದಮೊದಲು ಸ್ವರ್ಗ. ನಾನು ಮರೆತದ್ದು ಒಂದೇ: ಜೋಳ ಇರುವುದು ತಿನ್ನಲು. ಅವ್ವ ಹಿಟ್ಟಿನ ಗಿರಣಿಗೆಂದು ಮೇಲಿನಿಂದ ಒಂದೊಂದೇ ಚೀಲ ಇಳಿಸುತ್ತ ಹೋದಳು. ಒಂದು ಸಂಜೆ ನಾವಿಬ್ಬರೂ ಏನೋ ಪಿಸುಗುಡುತ್ತಿದ್ದಾಗ ಗೋಡೆಯ ಮೇಲೆ ಅಪ್ಪನ ರುಮಾಲು ಮೂಡಿತು, ಹಿಂದೆಯೇ ಮೀಸೆ. “ಲೇ, ಕಡ್ಡಿಪೆಟಗಿ ಅದ ಏನಲೇ?” ಶಾಂತಾ ಸೆರಗು ಎಳೆದುಕೊಂಡು ಒಲೆಯ ಕಡೆಗೆ ಓಡಿದಳು.

ಗೋಡೆ ಉಳಿಯಬೇಕಾದರೆ ತಿನ್ನುವುದು ಕಡಿಮೆಯಾಗಬೇಕು. ಅಂದಿನಿಂದ ಒಂದೇ ರೊಟ್ಟಿಗೆ ಕೈ ತೊಳೆಯತೊಡಗಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆದರೆ ಅವ್ವ ಕಂಡದ್ದು ಸೊರಗಿದ ಮಗನನ್ನು. “ನೀ ಬಂದಾಗಿಂದ ನನ್ನ ಮಗ ಉಣವಲ್ಲ. ಏನ್ ಹಾಕ್ತೀಬೇ ಪಲ್ಯಾದಾಗ?” ಎಂದು ಸೊಸೆಯ ಮೇಲೆ ಹರಿಹಾಯ್ದಳು. ಶಾಂತಾ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದಳು. “ನನ್ನ ಕೈ ಅಡಗಿ ಸೇರಲಿಲ್ಲಂದ್ರ ನಾಳಿ ಮುಂಜಾನಿ ಬಸ್ಸಿಗಿ ಜೇವರ್ಗಿಗಿ ಬಿಟ್ಟು ಬರ್ರಿ.”

ಯಾರಿಗಾಗಿ ಗೋಡೆಯೋ ಅವಳೇ ಹೊರಟರೆ! ಗಾಬರಿಯಲ್ಲಿ ಎಲ್ಲರೆದುರು ಬಾಯಿಬಿಟ್ಟೆ: “ಅಡಗಿ ಭಾಳ ರುಚಿ ಅದ. ನಾ ಗ್ವಾಡಿ ಉಳಸಾಕತ್ತೇನಿ!”

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವ ಸೊಸೆಯ ತಲೆ ಸವರಿದಳು. “ಗ್ವಾಡಿ ಹೋದ್ರ ಹೋಗ್ಲಿ, ಮೊದ್ಲ ಉಣ್ರಿ” ಎಂದು ಶಾಂತಾ ಬಿಸಿರೊಟ್ಟಿ ಹಾಕಿದಳು, ಹಾಕುತ್ತಲೇ ಇದ್ದಳು. ಎಷ್ಟೋ ದಿನದ ಹಸಿವು, ನಾನೂ ಸಾಕೆನ್ನಲಿಲ್ಲ. ಬುಟ್ಟಿ ಬರಿದಾಯಿತು, ಹಿಟ್ಟೂ ಮುಗಿಯಿತು. “ಇನ್ನೊಂದು ಚೀಲ ಇಳಸಪಾ” ಎಂದಳು ಅವ್ವ. ಬಾಯಿತುಂಬ ರೊಟ್ಟಿ ಇಟ್ಟುಕೊಂಡು, ನನ್ನ ಖೋಲಿಯ ಗೋಡೆಯನ್ನು ನಾನೇ ಇಳಿಸಿಕೊಟ್ಟೆ.