ಹೆಂಡತಿಯ ನೋವು, ತಂಗಿಯ ಫೀಸು

ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಆಗುವ ದೊಡ್ಡ ನಷ್ಟವೆಂದರೆ, ಆಮೇಲೆ ಅವನು ಯಾವುದನ್ನೂ ಸುಮ್ಮನೆ ನಂಬಲಾರ. ನಾನು ಮೊದಲು ಅನುಮಾನಿಸಿದ್ದು ದೇವರನ್ನು. ಅದರಿಂದ ಮನೆಯಲ್ಲಿ ಯಾರಿಗೂ ತೊಂದರೆಯಾಗಲಿಲ್ಲ. ಅಮ್ಮ ಇರುವವರೆಗೆ ನನ್ನ ಪಾಲಿನ ನಮಸ್ಕಾರವನ್ನೂ ತಾನೇ ಹಾಕಿಬಿಡುತ್ತಿದ್ದಳು. ಆಮೇಲೆ ಹಾಲಿನಲ್ಲಿ ನೀರಿದೆಯೆಂದು ಅನುಮಾನಿಸಿದೆ, ಅದೊಂದು ನಿಜವಾಗಿತ್ತು. ಈಗ ಕೆಲವು ಕಾಲದಿಂದ ನನ್ನ ನೆನಪನ್ನೇ ಅನುಮಾನಿಸುತ್ತಿದ್ದೇನೆ. ರಾಜಾಜಿನಗರದ ನಮ್ಮ ಹೊಸ ಮನೆಯಿಂದ ಬಸ್ಸು ನಿಲ್ಲುವ ಜಾಗದವರೆಗೆ ಕೆಂಪು ಧೂಳಿನಲ್ಲಿ ನಡೆದು ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು, ಎಳೆದು ನೋಡಿ, ಮತ್ತೆ ಹೋಗುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಒಂದು ಸಲ ಹಾಗೆ ಬಂದು ನೋಡಿದಾಗ ಬೀಗ ಭದ್ರವಾಗಿಯೇ ಇತ್ತು. ನನ್ನ ಹೆಂಡತಿ ಕಮಲ ಒಳಗೇ ಇದ್ದಳು.

ಇಂಥವನ ಕೈಗೆ ಹೋದ ಜೂನ್ ತಿಂಗಳಲ್ಲಿ ಒಂದು ನಿರ್ಧಾರ ಬಂತು. ತಂಗಿ ಶಾರದೆಗೆ ಮೈಸೂರಿನಲ್ಲಿ ಡಾಕ್ಟರಿಕೆ ಓದಲು ಸೀಟು ಸಿಕ್ಕಿತು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ನಾನೇ ಹಿರಿಯ. ಸೋಮವಾರದೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಫೀಸಿನ ಹಿಂದೆ ಹಾಸ್ಟೆಲು, ಪುಸ್ತಕ. ಅದು ಸಾಲದೆಂದು ಮನುಷ್ಯನ ಮೂಳೆಗಳನ್ನೂ ಕೊಳ್ಳಬೇಕಂತೆ. ಕಾಲೇಜಿನಲ್ಲಿ ತರ್ಕ ಹೇಳಿ ನಾನು ತರುವ ಸಂಬಳದಲ್ಲಿ ನಮ್ಮ ಮೂಳೆಗಳನ್ನು ಕಾಪಾಡಿಕೊಳ್ಳುವುದೇ ಕಷ್ಟ. ಮಾರೇನಹಳ್ಳಿಯ ಮುದ್ದೇಗೌಡರು ಸಾಲ ಕೊಡಲು ಒಪ್ಪಿದ್ದರು. ಅವರ ಹೊಲದ ಒಂದು ಭಾಗ ಸೈಟುಗಳಾಗಿ ಕೈಯಲ್ಲಿ ಹಣ ಆಡುತ್ತಿತ್ತು. ನಾನು ಪ್ರೋನೋಟಿಗೆ ಸಹಿ ಹಾಕಿದರೆ ಆಯಿತು. ಆದರೆ ಲೆಕ್ಕವಿಲ್ಲದೆ ಸಹಿ ಹಾಕುವುದು ಹೇಗೆ? ಒಂದು ಕಡೆ ಅಸಲು, ಬಡ್ಡಿ. ಇನ್ನೊಂದು ಕಡೆ ಲೇಡಿ ಡಾಕ್ಟರ ಸಂಪಾದನೆ. ಬಡ್ಡಿಯ ಕಡೆ ಎಲ್ಲವೂ ಖಚಿತ, ಸಂಪಾದನೆಯ ಕಡೆ ಎಲ್ಲವೂ ಊಹೆ. ಕೂಡಿದಷ್ಟು ಸಲ ಬೇರೆ ಬೇರೆ ಉತ್ತರ ಬರುತ್ತಿತ್ತು.

"ಅಣ್ಣ, ನೀನು ಎಂ.ಎ. ಓದೋವಾಗ ಅಪ್ಪ ಹೀಗೆ ಲೆಕ್ಕ ಹಾಕ್ತಾ ಕೂತಿದ್ರಾ?" ಎಂದಳು ಶಾರದೆ.

"ಹಾಕಿದ್ದಿದ್ರೆ ನಾನು ಗುಮಾಸ್ತನಾಗಿ ಇದಕ್ಕಿಂತ ಜಾಸ್ತಿ ತರ್ತಿದ್ದೆ ಕಣೇ," ಎಂದೆ. ಅವಳು ನಗಲಿಲ್ಲ. ಎದ್ದು ಒಳಗೆ ಹೋದಳು.

ಊಹೆಯನ್ನು ಬಿಟ್ಟು ಪ್ರಮಾಣ ಹುಡುಕಬೇಕೆಂದು ಶುಕ್ರವಾರ ಮಾಗಡಿ ರಸ್ತೆಯ ಡಾಕ್ಟರ ಹತ್ತಿರ ಹೊರಟೆ. ನೆಪವೂ ಇತ್ತು. ಎರಡು ದಿನದಿಂದ ಕಮಲಳಿಗೆ ಹೊಟ್ಟೆನೋವು. ಮೊದಲ ದಿನ ತಂದ ಔಷಧ ಮುಗಿದಿತ್ತು, ಖಾಲಿ ಸೀಸೆ ಹಿಡಿದುಕೊಂಡೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ: ಕಾಯಿಲೆ ಹೆಂಗಸಿಗೆ, ಡಾಕ್ಟರ ಹತ್ತಿರ ಹೋಗುವವನು ಗಂಡ. ಪರಗಂಡಸಿನ ಮುಂದೆ ನಾಲಿಗೆ ಚಾಚುವುದೇ ನಾಚಿಕೆ, ಇನ್ನು ಹೊಟ್ಟೆ ತೋರಿಸುವುದುಂಟೆ? ಹಾಗಾಗಿ ಆ ಡಾಕ್ಟರ ಷಾಪಿನ ಬೆಂಚಿನ ತುಂಬ ಆರೋಗ್ಯವಂತ ಗಂಡಸರು. ಗಿರಿಜಾ ಮೀಸೆಯವರೊಬ್ಬರು ಬಸುರಿ ಹೆಂಡತಿಯ ವಾಂತಿಯನ್ನು ಶಬ್ದಸಮೇತ ಅಭಿನಯಿಸುತ್ತಿದ್ದರು. ಇನ್ನೊಬ್ಬರು ಅತ್ತಿಗೆಯ ಸೊಂಟನೋವಿಗೆ ತಮ್ಮ ಸೊಂಟ ಹಿಡಿದುಕೊಂಡು ಎರಡು ಹೆಜ್ಜೆ ನಡೆದು ತೋರಿಸಿದರು.

ನನ್ನ ಸರದಿ ಬಂದಾಗ ಕೇಳಿಯೇಬಿಟ್ಟೆ. "ಡಾಕ್ಟ್ರೇ, ಈ ಕಸುಬಿನಲ್ಲಿ ಓದಿದ ಖರ್ಚು ಹುಟ್ಟುತ್ತಾ?"

"ಕಾಯಿಲೆಯೋರು ಬಂದ್ರೆ ಹುಟ್ಟುತ್ತೆ ಮೇಷ್ಟ್ರೇ," ಎಂದು ಅವರು ನಕ್ಕರು. "ಆ ಬೆಂಚು ನೋಡಿ. ಅಲ್ಲಿ ಕೂತಿರೋ ಯಾರಿಗೂ ಕಾಯಿಲೆ ಇಲ್ಲ. ಕಾಯಿಲೆ ಇರೋರು ಯಾರೂ ಅಲ್ಲಿಲ್ಲ. ಅದಿರಲಿ, ಮನೆಯೋರಿಗೆ ಹೇಗಿದೆ? ನೋವು ಎಡಗಡೆ ಅಂದಿದ್ರಿ ಅಲ್ವಾ?"

"ಎಡಗಡೆ ಅಂದೆನಾ?"

ಕಮಲ ನನ್ನ ಎದುರಿಗೆ ನಿಂತು ತೋರಿಸಿದ್ದಳು. ಎದುರಿಗೆ ನಿಂತವರ ಬಲ ನಮ್ಮ ಕಣ್ಣಿಗೆ ಎಡ. ನಾನು ಹೇಳಿದ್ದು ಅವಳ ಎಡವೋ, ನನ್ನ ಎಡವೋ? ಡಾಕ್ಟರ ಎದುರು ಒಂದು ಸಲ ಹೀಗೆ, ಒಂದು ಸಲ ಹಾಗೆ ತಿರುಗಿ ನಿಂತೆ. ಬೆಂಚಿನವರು ಇದೂ ಒಂದು ಕಾಯಿಲೆಯ ಅಭಿನಯವೆಂದು ಕುತೂಹಲದಿಂದ ನೋಡಿದರು. ಡಾಕ್ಟರ ನಗು ಮಾತ್ರ ನಿಂತುಹೋಗಿತ್ತು.

"ಬಲಗಡೆಯಾದ್ರೆ ಔಷಧ ಕೊಟ್ಟು ಕೂರೋ ಹಾಗಿಲ್ಲ. ಜ್ವರ ಇದೆಯಾ?"

ಗೊತ್ತಿರಲಿಲ್ಲ.

"ನಡೀರಿ, ನಾನೇ ಬರ್ತೀನಿ," ಎಂದು ಅವರು ಸೈಕಲ್ ತೆಗೆದರು.

ನಾನು ಸೀಸೆ ಹಿಡಿದುಕೊಂಡು ಅವರ ಹಿಂದೆ ಓಡಿದೆ. ಮನೆಯಲ್ಲಿ ಕಮಲ ಮಂಡಿ ಮಡಿಚಿಕೊಂಡು ಮಲಗಿದ್ದಳು. ಶಾರದೆ ಪಕ್ಕದಲ್ಲಿ ಕೂತು ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಡಾಕ್ಟರನ್ನು ಕಂಡದ್ದೇ ಕಮಲ ಗೋಡೆಯ ಕಡೆ ಮುಖ ತಿರುಗಿಸಿದಳು. ಅವರು ಬಾಗಿಲಲ್ಲೇ ನಿಂತು ಕೇಳಿದರು. ಶಾರದೆ ಅತ್ತಿಗೆಯ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದಳು.

"ಬಲಗಡೆ, ಕೆಳಗೆ. ಒತ್ತಿ ಕೈ ತೆಗೆದ್ರೆ ಜೀವ ಹೋದ ಹಾಗಾಗುತ್ತಂತೆ. ಬೆಳಗ್ಗೆಯಿಂದ ಜ್ವರ."

"ನನಗ್ಯಾಕೆ ಹೇಳಲಿಲ್ಲ?" ಎಂದೆ.

"ನಿಮಗೇ ಮೊದಲು ಹೇಳಿದ್ದು ಕಣ್ರೀ," ಎಂದಳು ಕಮಲ, ಗೋಡೆಗೆ.

ಜಟಕಾದಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಗಾಡಿ ಎತ್ತಿಹಾಕಿದಾಗಲೆಲ್ಲ ಅವಳು ಶಾರದೆಯ ಕೈ ಹಿಡಿದುಕೊಳ್ಳುತ್ತಿದ್ದಳು, ನನ್ನದನ್ನಲ್ಲ. ಕರುಳಿಗೆ ಅಂಟಿದ ಅಪೆಂಡಿಕ್ಸ್ ಕೀವು ತುಂಬಿಕೊಂಡಿತ್ತು. ಸಂಜೆಗೇ ಕೊಯ್ದು ತೆಗೆದರು. ಇನ್ನೂ ತಡವಾಗಿದ್ದರೆ ಏನಾಗುತ್ತಿತ್ತೆಂದು ನಾನು ಕೇಳಿದೆ. ಕೊಯ್ದ ಡಾಕ್ಟರು ಕೈ ತೊಳೆದುಕೊಳ್ಳಲು ಹೋದರು. ನನ್ನ ನೆನಪಿನಲ್ಲಿ ಅನುಮಾನವಿಲ್ಲದೆ ನಿಂತಿರುವ ಕೆಲವೇ ಚಿತ್ರಗಳಲ್ಲಿ ಅದೊಂದು.

ಭಾನುವಾರ ಮಾರೇನಹಳ್ಳಿಗೆ ನಡೆದೆ. ಕಮಲ ಉಳಿದಳೆಂದು ಬಡ್ಡಿಯೇನೂ ಇಳಿದಿರಲಿಲ್ಲ. ಲೆಕ್ಕ ಮೊದಲಿನಷ್ಟೇ ಕೆಟ್ಟದಾಗಿತ್ತು. ಆಸ್ಪತ್ರೆಯ ಖರ್ಚು ಸೇರಿ ಇನ್ನೂ ಸ್ವಲ್ಪ ಕೆಟ್ಟಿತ್ತು. ಗೌಡರು ಜಗಲಿಯ ಮೇಲೆ ಕೂತಿದ್ದರು.

"ಏನ್ ಸ್ವಾಮಿ, ಲೆಕ್ಕ ಸರಿಹೋಯ್ತಾ?"

"ಇಲ್ಲ ಗೌಡ್ರೇ. ತೀರೋ ಸಾಲದ ಹಾಗೆ ಕಾಣಲ್ಲ."

"ಮತ್ಯಾಕ್ ಬಂದ್ರಿ?"

"ಸಹಿ ಹಾಕೋದಕ್ಕೆ."

ಗೌಡರು ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿದರು. ಅಲ್ಲಿ ಅವರ ಸೊಸೆಯರು ನಿಂತು ಕೇಳಿಸಿಕೊಳ್ಳುತ್ತಿದ್ದರು. "ಆಯಮ್ಮ ಓದ್ಕಂಡ್ ಬಂದ್ಮೇಲೆ ನಮ್ಮೂರ್ಗೂ ಬರ್ಲಿ," ಎಂದರು. ಅದಕ್ಕೆ ನಾನು ವೈದ್ಯವೃತ್ತಿಯ ಬಗ್ಗೆ, ಹೆಂಗಸರ ಬಗ್ಗೆ ಬಹಳ ಒಳ್ಳೆಯ ಒಂದು ಮಾತನ್ನು ಹೇಳಿದ ಹಾಗೆ ನೆನಪು. ಅಷ್ಟು ಒಳ್ಳೆಯ ಮಾತಾದ್ದರಿಂದ ನಾನು ಹೇಳಿರಲಾರೆನೆಂದು ಅನುಮಾನ.

ಶಾರದೆ ಮೈಸೂರಿಗೆ ಹೋದಳು. ಕಮಲ ಆಸ್ಪತ್ರೆಯಿಂದ ಮನೆಗೆ ಬಂದಳು. ಮೊದಲ ಕಂತಿನ ಬಡ್ಡಿ ಕೊಟ್ಟು ಬಂದ ದಿನ ನಾನು ಕುರ್ಚಿಯಲ್ಲಿ ಕೂತು ನಿಟ್ಟುಸಿರು ಬಿಟ್ಟದ್ದನ್ನು ಕೇಳಿ ಅವಳು ಅಡಿಗೆಮನೆಯಿಂದ ಇಣುಕಿದಳು.

"ಯಾಕ್ರೀ, ಎಲ್ಲಾದ್ರೂ ನೋವಾ? ಯಾವ ಕಡೆ?"

ನನ್ನ ಕೈ ನೇರವಾಗಿ ಅಂಗಿಯ ಜೇಬಿಗೆ ಹೋಯಿತು. "ಎಡಗಡೆ," ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ.